ಕತ್ತು ನೋವಿಗೆ ಗಟ್ಟಿಮೇಳ

ಹೋದ ವರ್ಷ ನನ್ನ ಕತ್ತು, ಬಲ ಹೆಗಲು ಮೂರು ತಿಂಗಳು ಹಿಡಿದುಕೊಂಡಿತ್ತು. ಪಕ್ಕದ ಮನೆಯವರು ‘ವಾಯು’ ಅಂದರು. ಗೆಳೆಯ ‘ನರ ಹಿಡ್ಕೊಂಡಿದೆ’ ಅಂದ. ಕ್ಷೌರದಂಗಡಿಯವನು ‘ಒಂದ್ಸಲ ಲಟಕ್ ಅನ್ನಿಸ್ತೀನಿ ಸಾರ್’ ಎಂದು ಕತ್ತಿಗೇ ಕೈ ಹಾಕಿದ. ಇದಕ್ಕೆ ಮಾತ್ರ ಒಪ್ಪಬೇಡಿ. ಅಪರೂಪಕ್ಕೆ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವುದುಂಟು.

ಕೊನೆಗೆ ಫಿಸಿಯೋಥೆರಪಿಗೆ ಹೋದೆ. ಚರ್ಮದ ಮೇಲಿಂದ ನರಕ್ಕೆ ಸಣ್ಣಗೆ ಕರೆಂಟ್ ಹಾಯಿಸುವ ಟೆನ್ಸ್ ಯಂತ್ರದ ಪಟ್ಟಿ ಅಂಟಿಸಿದರು. ಇರುವೆ ಹರಿದಂತೆ ಜುಮುಜುಮು. 20 ನಿಮಿಷಕ್ಕೆ ನೋವು ಮಾಯ. ಮನೆ ತಲುಪುವಷ್ಟರಲ್ಲಿ ಮತ್ತೆ ಹಾಜರ್!

ಮಗು ಹಣೆ ಚಚ್ಚಿಕೊಂಡರೆ ಅಜ್ಜಿ ಮೊದಲು ಅಲ್ಲಿ ಉಜ್ಜುತ್ತಾಳೆ, ಅಲ್ವಾ? ಯಂತ್ರ ಮಾಡುವುದೂ ಅದನ್ನೇ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ತೆಳು ನರಗಳಲ್ಲಿ ನಿಧಾನಕ್ಕೆ ಬರುತ್ತದೆ, ಉಜ್ಜಿದ ಸುದ್ದಿ ದಪ್ಪ ನರಗಳಲ್ಲಿ ಓಡಿ ಬರುತ್ತದೆ. ಬೆನ್ನುಹುರಿಯಲ್ಲಿ ಎರಡಕ್ಕೂ ಒಂದೇ ಬಾಗಿಲು, ಥೇಟ್ ಸಿಟಿ ಬಸ್ಸಿನ ಬಾಗಿಲು. ಮೊದಲು ಬಂದವರು ಮೆಟ್ಟಿಲು ತುಂಬಿ ನಿಂತರೆ ನೋವು ಸ್ಟಾಪಿನಲ್ಲೇ ಉಳಿಯುತ್ತದೆ. ಅಲ್ಲೊಬ್ಬ ಕಂಡಕ್ಟರೂ ಇದ್ದಾನೆ, ನೋವನ್ನು ತಡೆಯುವ ನರಕೋಶ. ದಪ್ಪ ನರ ಅವನನ್ನು ಎಬ್ಬಿಸುತ್ತದೆ, ತೆಳು ನರ ಮಲಗಿಸುತ್ತದೆ. ಬಸ್ಸು ಬೇಡವೆಂದರೆ ಮದುವೆಮನೆಗೆ ಬನ್ನಿ. ಗಟ್ಟಿಮೇಳ ಮೊಳಗುವಾಗ ಯಾರಾದರೂ ಸೀನಿದರೆ ಕೇಳಿಸುವುದಿಲ್ಲ. ಸೀನಿದ್ದಂತೂ ನಿಜ!

ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ 1ನೇ ಶತಮಾನದಲ್ಲೇ ತಲೆನೋವಿಗೆ ಕರೆಂಟ್ ಹೊಡೆಯುವ ಜೀವಂತ ಮೀನನ್ನು ಹಣೆಗೆ ಒತ್ತಿಸುತ್ತಿದ್ದ. ಪುಣ್ಯಕ್ಕೆ ನಮ್ಮ ಕ್ಲಿನಿಕ್ಕಿನಲ್ಲಿ ಬರೀ ಪಟ್ಟಿ.

ಬಿಸಿನೀರಿನ ಚೀಲ, ಮಸಾಜ್ ಕೂಡ ಹೆಚ್ಚುಕಡಿಮೆ ಇದೇ ಗಟ್ಟಿಮೇಳದವು. ಹಿತ ಕೊಡುತ್ತವೆ, ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನೋವಿರುವ ಜಾಗಕ್ಕೆ ಶಬ್ದದ ಅಲೆ ಹಾಯಿಸುವ ಅಲ್ಟ್ರಾಸೌಂಡ್ ಯಂತ್ರ ‘ಗಂಟು ಕರಗಿಸುತ್ತೆ’ ಅನ್ನುತ್ತಾರೆ. ಕರಗಲು ಅಲ್ಲೇನು ಬೆಣ್ಣೆ ಇದೆಯಾ? ಯಂತ್ರ ಆನ್ ಮಾಡದೆ ಸುಮ್ನೆ ಸವರಿ ನಡೆಸಿದ ಪರೀಕ್ಷೆಗಳಲ್ಲೂ ಅನೇಕ ಸಲ ಅಷ್ಟೇ ಗುಣ ಕಂಡಿದೆ.

ಸ್ನಾಯುವನ್ನೇ ಬದಲಿಸುವುದು ವ್ಯಾಯಾಮ. ಡೆನ್ಮಾರ್ಕಿನಲ್ಲಿ ಕತ್ತು, ಹೆಗಲು ನೋವಿದ್ದ 198 ಆಫೀಸು ನೌಕರರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ರಬ್ಬರ್ ಪಟ್ಟಿಯನ್ನು ಕಾಲಡಿ ಮೆಟ್ಟಿ, ತುದಿಗಳನ್ನು ಹಿಡಿದು, ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು. ವಾರಕ್ಕೆ 5 ದಿನ, 10 ವಾರ. ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಬರೀ 2 ನಿಮಿಷ. ಎರಡೂ ಗುಂಪಿನಲ್ಲಿ ನೋವು ಹೆಚ್ಚುಕಡಿಮೆ ಸಮನಾಗಿ ಇಳಿಯಿತು! ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿತ ಸಡಿಲವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ನನ್ನ ಹಳದಿ ಪಟ್ಟಿ ಅಡುಗೆಮನೆ ಬಾಗಿಲ ಚಿಲಕದಲ್ಲಿ ನೇತಾಡುತ್ತದೆ. ಕುಕ್ಕರ್ ಎರಡು ಸೀಟಿ ಹೊಡೆಯುವ ನಡುವೆ ಕೆಲಸ ಮುಗಿದಿರುತ್ತದೆ.