ಲೂಸ್ ಮೋಷನ್‌ಗೂ ಹೊಟ್ಟೆ ನುಲಿತಕ್ಕೂ ಒಂದೇ ಮಾತ್ರೆ ಸಾಕಾ?

ಪ್ರಶ್ನೆ: ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತೇನೆ. ಒಂದು ಸಲ ದಾರೀಲಿ ತಿಂದದ್ದು ಕೆಟ್ಟು ಭೇದಿ ಶುರುವಾಯಿತು. ಮೆಡಿಕಲ್ ಶಾಪಿನವರು ಎರಡು ಥರದ ಮಾತ್ರೆ ಕೊಟ್ಟರು. ಒಂದು ನಿಲ್ಲೋಕೆ, ಇನ್ನೊಂದು ಹೊಟ್ಟೆ ನುಲಿಯೋದಕ್ಕೆ ಅಂದರು. ಎರಡೂ ಬೇಕಾ? ಮಗುವಿಗೆ ಹೀಗಾದರೆ ಅದನ್ನೇ ಅರ್ಧ ಮಾಡಿ ಕೊಡಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಯಾಕೆ ಅಂತ ಮುಂದೆ ಬರುತ್ತದೆ.

ಆ ಮಾತ್ರೆಗಳ ಹೆಸರು ನೀವು ಬರೆದಿಲ್ಲ. ಬಹುಶಃ ನಿಮಗೂ ಗೊತ್ತಿರಲಿಕ್ಕಿಲ್ಲ. ಕತ್ತರಿ ತಗೊಂಡು ಸ್ಟ್ರಿಪ್‌ನ ಮೂಲೆಯಿಂದ ಎರಡು ಮಾತ್ರೆ ಕಟ್ ಮಾಡಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಾರಲ್ಲ, ಆಗ ಹೆಸರೂ ಎಕ್ಸ್‌ಪೈರಿ ತಾರೀಖೂ ಅಂಗಡೀಲೇ ಉಳಿದುಬಿಡುತ್ತವೆ. ಮುಂದಿನ ಸಲ ಹೆಸರು ಕೇಳಿ, ಕವರಿನ ಮೇಲೆ ಬರೆಸಿಕೊಳ್ಳಿ.

ನಿಲ್ಲಿಸೋಕೆ ಅಂತ ಕೊಟ್ಟದ್ದು ಹೆಚ್ಚುಕಮ್ಮಿ ಲೋಪೆರಮೈಡ್ ಇರಬೇಕು. 2 ಮಿಲಿಗ್ರಾಂನ ಪುಟ್ಟ ಕ್ಯಾಪ್ಸೂಲ್. ಅಫೀಮಿನಿಂದ ಬರೋ ಔಷಧಿಗಳಿಗೆ ಇದು ದೂರದ ನೆಂಟ. ಆದರೆ ಹೇಳಿದ ಪ್ರಮಾಣದಲ್ಲಿ ತಗೊಂಡರೆ ಮಿದುಳಿಗೆ ಹೋಗುವುದಿಲ್ಲ, ಕರುಳಿನ ಮೇಲಷ್ಟೇ ಕೆಲಸ ಮಾಡುತ್ತದೆ. ಕರುಳಿನ ಓಟ ನಿಧಾನ ಮಾಡುತ್ತದೆ, ಒಳಗಿನ ನೀರು ಮತ್ತೆ ಮೈಗೆ ಹೀರಿಕೊಳ್ಳಲು ಹೊತ್ತು ಸಿಗುತ್ತದೆ. ಅಷ್ಟೇ. ಭೇದಿ ತಂದ ಕಾಯಿಲೆಯನ್ನು ಅದು ಮುಟ್ಟುವುದೇ ಇಲ್ಲ. ದೊಡ್ಡವರಿಗೆ ಮೊದಲು ಎರಡು ಕ್ಯಾಪ್ಸೂಲ್, ಆಮೇಲೆ ನೀರಾಗಿ ಹೋದಾಗಲೆಲ್ಲ ಒಂದು. ಡಾಕ್ಟರ್ ಹೇಳದೆ ದಿನಕ್ಕೆ ಒಟ್ಟು ನಾಲ್ಕು ದಾಟಬಾರದು, ಎರಡು ದಿನಕ್ಕಿಂತ ಮುಂದುವರಿಸಲೂಬಾರದು. ವಿಪರೀತ ನುಂಗಿದರೆ ಹೃದಯದ ಬಡಿತವೇ ಏರುಪೇರಾಗಬಹುದು.

ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ಆಮಶಂಕೆ ಥರ ಸಿಂಬಳ ಸಿಂಬಳವಾಗಿ ಹೋದರೆ ಈ ಕ್ಯಾಪ್ಸೂಲ್ ಮುಟ್ಟಬೇಡಿ. ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತದೆ. ಚಿಕ್ಕ ಮಕ್ಕಳಲ್ಲಂತೂ ಕರುಳಿನ ಚಲನೆ ಪೂರ್ತಿ ನಿಂತು ಹೊಟ್ಟೆ ಉಬ್ಬಿಕೊಳ್ಳೋ ಅಪಾಯ ಇದೆ. ಅದಕ್ಕೇ ಬೇಡ ಅಂದದ್ದು.

ನುಲಿತದ ಮಾತ್ರೆಯ ಕೆಲಸ ಬೇರೆ. ಕರುಳಿನ ಸ್ನಾಯು ಬಟ್ಟೆ ಹಿಂಡಿದ ಹಾಗೆ ಬಿಗಿದುಕೊಂಡಾಗ ಆ ನೋವು ಬರುತ್ತದೆ. ಡೈಸೈಕ್ಲೊಮಿನ್, ಹಯೋಸಿನ್, ಡ್ರೊಟಾವೆರಿನ್ ಇವೆಲ್ಲ ಆ ಬಿಗಿತ ಸಡಿಲ ಮಾಡುತ್ತವೆ. ಮೊದಲಿನ ಎರಡು ಸ್ನಾಯುವಿಗೆ ಬರೋ ನರದ ಸಂದೇಶವನ್ನು ತಡೆಯುತ್ತವೆ. ಆ ಸಂದೇಶ ಹೋಗೋದು ಕರುಳಿಗೆ ಮಾತ್ರ ಅಲ್ಲ, ಹಾಗಾಗಿ ಬಾಯಿ ಒಣಗಬಹುದು, ಕಣ್ಣು ಮಂಜಾಗಬಹುದು, ಮೂತ್ರ ಕಟ್ಟಬಹುದು. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರೋ ಕಾಯಿಲೆ) ಇರೋರು, ಪ್ರಾಸ್ಟೇಟ್ ತೊಂದರೆ ಇರೋ ಹಿರಿಯರು ಕೇಳದೆ ತಗೊಳ್ಳಬಾರದು. ಡೈಸೈಕ್ಲೊಮಿನ್ ಇರೋ ಡ್ರಾಪ್ಸನ್ನು ಆರು ತಿಂಗಳೊಳಗಿನ ಕೂಸಿಗೆ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ನುಲಿತದ ಮಾತ್ರೆಗಳಲ್ಲಿ ಇನ್ನೊಂದು ಔಷಧಿಯೂ ಸೇರಿರುತ್ತದೆ. ಸೈಕ್ಲೋಪಾಮ್ ಮಾತ್ರೆಯಲ್ಲಿ ಡೈಸೈಕ್ಲೊಮಿನ್ ಜೊತೆ ಪ್ಯಾರಸಿಟಮಾಲ್ ಇರುತ್ತದೆ. ಅದರ ಮೇಲೆ ಮೈಕೈ ನೋವು ಅಂತ ಡೋಲೋ ನುಂಗಿದರೆ ಪ್ಯಾರಸಿಟಮಾಲ್ ಎರಡು ಸಲ ಹೋಯಿತು, ಅಲ್ವಾ? ಹೆಂಗಸರು ಮುಟ್ಟಿನ ನೋವಿಗೆ ಇಟ್ಟುಕೊಂಡಿರೋ ಮೆಫ್ತಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ ಅನ್ನೋ ನೋವಿನ ಔಷಧಿ ಇದೆ. ಮೈಯಲ್ಲಿ ನೀರು ಕಮ್ಮಿಯಾದಾಗ ಅದು ಕಿಡ್ನಿಗೆ ಭಾರ. ತಮಾಷೆ ಅಂದರೆ, ಆ ಔಷಧಿಯಿಂದಲೇ ಕೆಲವರಿಗೆ ಭೇದಿ ಆಗುತ್ತದೆ!

ಹಾಗಾದರೆ ಎರಡೂ ಬೇಕಾ? ಸಾಮಾನ್ಯವಾಗಿ ಎರಡೂ ಬೇಡ. ನೋವು ತಡೆಯೋಕೆ ಆಗದಿದ್ದರೆ ನುಲಿತದ್ದು ಒಂದು. ಬಸ್ಸಿನಂಥ ಅನಿವಾರ್ಯಕ್ಕೆ, ಜ್ವರ ರಕ್ತ ಇಲ್ಲ ಅಂತ ಖಾತ್ರಿ ಇದ್ದರೆ, ಲೋಪೆರಮೈಡ್. ಎರಡನ್ನೂ ಸೇರಿಸಿದರೆ ಕರುಳು ಅತಿಯಾಗಿ ಮಂದವಾಗಬಹುದು, ಆಮೇಲೆ ಮಲಬದ್ಧತೆ.

ಮುಖ್ಯವಾದದ್ದನ್ನು ನೀವು ಕೇಳಲೇ ಇಲ್ಲ: ಓಆರ್‌ಎಸ್, ಅಂದರೆ ಉಪ್ಪು, ಗ್ಲೂಕೋಸ್ ಕಲೆಸಿದ ನೀರು. ಭೇದಿಯಲ್ಲಿ ಜೀವಕ್ಕೆ ಕುತ್ತು ತರೋದು ಬಹುಪಾಲು ನೀರು, ಉಪ್ಪು ಖಾಲಿಯಾಗೋದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತ್ತು. ಸಲೈನ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಕಲೆಸಿದ ನೀರನ್ನು ಕುಡಿಸೋಕೆ ಶುರುಮಾಡಿದರು. ಶಿಬಿರದಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಸಕ್ಕರೆ ಯಾಕೆ ಅಂದರೆ, ಭೇದಿಯ ಹೊತ್ತಲ್ಲೂ ಕರುಳು ಗ್ಲೂಕೋಸ್ ಮತ್ತು ಉಪ್ಪಿನಂಶವನ್ನು ಜೋಡಿಯಾಗಿ ಒಳಗೆಳೆಯುತ್ತದೆ. ಆ ಜೋಡಿಯ ಹಿಂದೆ ನೀರು ಹೋಗುತ್ತದೆ.

ನಮ್ಮಮ್ಮ ಒಂದು ಲೀಟರಿನ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿದು "ಸ್ಟ್ರಾಂಗಾಗಿರಲಿ" ಅನ್ನೋರು. ಅದು ತಪ್ಪು. ಅಷ್ಟು ಗಟ್ಟಿಯಾದರೆ ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪೂ ಏರುತ್ತದೆ. 20.5 ಗ್ರಾಂ ಪ್ಯಾಕೆಟ್‌ಗೆ ಬಸ್‌ಸ್ಟ್ಯಾಂಡಿನ ಒಂದು ಲೀಟರ್ ನೀರಿನ ಬಾಟಲಿ ಸರಿಯಾದ ಅಳತೆ. 200 ಮಿಲಿಲೀಟರಿನ ಸಣ್ಣ ಪ್ಯಾಕೆಟ್ ಕೂಡ ಸಿಗುತ್ತದೆ, ಅದಕ್ಕೆ ಒಂದು ಲೋಟ. ಕಲೆಸಿದ್ದನ್ನು 24 ಗಂಟೆ ದಾಟಿ ಇಡಬೇಡಿ. ಪ್ಯಾಕೆಟ್ ಇಲ್ಲವಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆತಟ್ಟಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆಯೂ ಒಳ್ಳೇದೇ. ಓಆರ್‌ಎಸ್ ಅಂತ ಬರೆದುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳು ಬೇರೆ. ಆ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ.

ಮಗುವಿಗೂ ಇದೇ ಓಆರ್‌ಎಸ್, ಜೊತೆಗೆ ಜಿಂಕ್. ಆರು ತಿಂಗಳು ದಾಟಿದ್ದರೆ ದಿನಕ್ಕೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಎದೆಹಾಲು ನಿಲ್ಲಿಸಬೇಡಿ.

ಆ್ಯಂಟಿಬಯಾಟಿಕ್ ಬಗ್ಗೆ ಒಂದೇ ಮಾತು. ಸಾದಾ ನೀರು ಭೇದಿ ಬಹುತೇಕ ಎರಡು ಮೂರು ದಿನದಲ್ಲಿ ತಾನೇ ನಿಲ್ಲುತ್ತದೆ. ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್ ಮಾತ್ರೆಯನ್ನು ಸುಮ್ನೆ ನುಂಗಬೇಡಿ.

ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಆರೆಂಟು ಗಂಟೆ ಮೂತ್ರವೇ ಆಗದಿರೋದು, ಮಂಪರು, ಒಂದೇ ಕಡೆ ಕೂತುಬಿಟ್ಟ ಹೊಟ್ಟೆನೋವು: ಇದರಲ್ಲಿ ಯಾವುದಿದ್ದರೂ ಡಾಕ್ಟರ್ ಹತ್ತಿರ ಹೋಗಿ. ಎಳೆಗೂಸು, ವಯಸ್ಸಾದವರು, ಬಸುರಿಯರ ವಿಷಯದಲ್ಲಿ ಕಾಯೋದೇ ಬೇಡ. ನಿಮಗೆ ಪ್ರತಿ ಪ್ರಯಾಣಕ್ಕೂ ಹೀಗೇ ಹೊಟ್ಟೆ ನುಲಿಯುತ್ತಿದ್ದರೆ ಊಟದ ತಪ್ಪು ಅಲ್ಲದೆ ಐಬಿಎಸ್ (ಕರುಳು ಪದೇ ಪದೇ ಕೆರಳೋ ತೊಂದರೆ) ಕೂಡ ಇರಬಹುದು, ಅದನ್ನೂ ತೋರಿಸಿ.

ಬ್ಯಾಗಿನಲ್ಲಿ ಎರಡು ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಹೊಟ್ಟೆ ಸರಿಯಿಲ್ಲ ಅನಿಸಿದ ದಿನ ಬಾಗಿಲ ಹತ್ತಿರದ ಸೀಟು ತಗೊಂಡು, ಹತ್ತುವಾಗಲೇ ಕಂಡಕ್ಟರ್ ಕಿವಿಗೆ ಒಂದು ಮಾತು ಹಾಕಿಡಿ.