ಡಿಟೆಕ್ಟರ್ ಸದ್ದು ಮಾಡಿತು, ಸರಿ. ಬಾವಲಿ ಹೊರಟಿದ್ದು ಎಲ್ಲಿಂದ?

ಹಳೆ ಕಟ್ಟಡ ಕೆಡವುವ, ಚಾವಣಿ ಬಿಚ್ಚುವ ಅಥವಾ ಮರ ಕಡಿಯುವ ಮೊದಲು ಅಲ್ಲಿ ಬಾವಲಿ ತಂಗುತ್ತದೆಯೇ ಎಂದು ನೋಡುವ ಸಮೀಕ್ಷೆಯ ಟಿಪ್ಪಣಿ ಇದು. ನಾನು ಓದುತ್ತಿರುವುದು ಇಂಗ್ಲೆಂಡಿನ ಪದ್ಧತಿ. ಅಲ್ಲಿ 1981ರ ವನ್ಯಜೀವಿ ಕಾಯ್ದೆ ಮತ್ತು 2017ರ ನಿಯಮಗಳಲ್ಲಿ ಬಾವಲಿಯ ಜೊತೆಗೆ ಅದರ ತಂಗುದಾಣಕ್ಕೂ ರಕ್ಷಣೆ ಇದೆ. ಈಗ ಒಳಗೆ ಒಂದೂ ಬಾವಲಿ ಇಲ್ಲದಿದ್ದರೂ ಅಷ್ಟೇ. ಬೇಸಿಗೆಗೆ ಒಂದು ಜಾಗ, ಚಳಿಗಾಲದ ನಿದ್ದೆಗೆ ಇನ್ನೊಂದು ಜಾಗ, ಮುಂದಿನ ವರ್ಷ ಮತ್ತೆ ಹಳೆಯ ಜಾಗಕ್ಕೇ ಬರುವುದು ಅವುಗಳ ರೂಢಿ.

ಹಗಲಿನ ತಪಾಸಣೆ

ಟಾರ್ಚ್ ಹಿಡಿದು ಸೂರು, ಹೆಂಚಿನ ಸಂದಿ, ಅಟ್ಟ ಎಲ್ಲ ನೋಡುವುದು. ಹಿಕ್ಕೆ ಸಿಕ್ಕರೆ ಗ್ಲೌಸ್ ಹಾಕಿಕೊಂಡು ಬೆರಳಲ್ಲಿ ಉಜ್ಜಿ: ಪುಡಿಯಾಗಿ ಕೀಟದ ರೆಕ್ಕೆಯ ಚೂರು ಮಿಂಚಿದರೆ ಬಾವಲಿಯದು, ಗಟ್ಟಿಯಾಗಿಯೇ ಉಳಿದರೆ ಇಲಿಯದು. ಆದರೆ ಅಟ್ಟ ಸ್ವಚ್ಛವಾಗಿದೆ ಎಂದು ಕಟ್ಟಡವನ್ನು ಬಿಟ್ಟುಬಿಡಬೇಡಿ. ಪಿಪಿಸ್ಟ್ರೆಲ್ ಎಂಬ ಬಾವಲಿ ಸುಮಾರು 5 ಗ್ರಾಂ ತೂಗುತ್ತದೆ. ಹೆಬ್ಬೆರಳು ತೂರುವಷ್ಟು ಸಂದಿ ಸಾಕು, ಹೆಂಚಿನ ಅಡಿಯಲ್ಲೋ ಗೋಡೆಯ ಟೊಳ್ಳಿನಲ್ಲೋ ಸೇರಿಕೊಳ್ಳುತ್ತದೆ. ಅಟ್ಟದೊಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಹೊರಗೋಡೆಯ ಹಿಕ್ಕೆಯನ್ನು ಮಳೆ ತೊಳೆದಿರುತ್ತದೆ.

ಸಂಜೆಯ ಸಮೀಕ್ಷೆ (ತಲೆ ಕೆಡುವುದು ಇಲ್ಲೇ)

ಸೂರ್ಯಾಸ್ತಕ್ಕೆ 15 ನಿಮಿಷ ಮೊದಲೇ ನಿಂತು, ಆಮೇಲೆ ಒಂದೂವರೆಯಿಂದ ಎರಡು ಗಂಟೆ ಕಟ್ಟಡವನ್ನು ನೋಡುತ್ತಿರಬೇಕು. ಕೈಯಲ್ಲಿ ಬ್ಯಾಟ್ ಡಿಟೆಕ್ಟರ್, ಅಂದರೆ ಬಾವಲಿಯ ಕೂಗನ್ನು ನಮಗೆ ಕೇಳಿಸುವಂತೆ ಮಾಡುವ ಯಂತ್ರ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಸಾಮಾನ್ಯ ಪಿಪಿಸ್ಟ್ರೆಲ್‌ನ ಕೂಗು 45ರ ಹತ್ತಿರ, ಸೊಪ್ರಾನೋ ಪಿಪಿಸ್ಟ್ರೆಲ್‌ನದು 55ರ ಹತ್ತಿರ. 50ರ ಆಸುಪಾಸಿನಲ್ಲಿ ಬಂದರೆ ಸುಮ್ನೆ ‘ಪಿಪಿಸ್ಟ್ರೆಲ್’ ಎಂದಷ್ಟೇ ಬರೆಯಿರಿ.

ಡಿಟೆಕ್ಟರ್ ಸದ್ದು ಮಾಡಿತು ಅಂದರೆ ಬಾವಲಿ ಈ ಕಟ್ಟಡದಲ್ಲಿದೆ ಎಂದಾಯಿತಲ್ವಾ? ಇಲ್ಲ. ಬೀದಿಯಲ್ಲಿ ಬೈಕಿನ ಸದ್ದು ಕೇಳಿದರೆ ಅದು ಯಾರ ಮನೆಯಿಂದ ಹೊರಟಿತು ಎಂದು ಹೇಳಲಾಗುತ್ತದೆಯೇ? ಡಿಟೆಕ್ಟರ್ ಹೇಳುವುದು ಗಾಳಿಯಲ್ಲಿ ಬಾವಲಿ ಇದೆ ಎಂದು ಮಾತ್ರ. ನಮಗೆ ಬೇಕಿರುವುದು ಸಂದಿಯ ಸುದ್ದಿ.

ಇಲ್ಲಿ ಗಡಿಯಾರ ಸ್ವಲ್ಪ ನೆರವಾಗುತ್ತದೆ. 9ಕ್ಕೆ ಸೂರ್ಯಾಸ್ತ ಎಂದುಕೊಳ್ಳಿ. ಪಿಪಿಸ್ಟ್ರೆಲ್ ಸಾಮಾನ್ಯವಾಗಿ 20 ನಿಮಿಷದ ಹೊತ್ತಿಗೆ ಹೊರಬೀಳುತ್ತದೆ. 9:10ಕ್ಕೇ ಅದರ ಸದ್ದು ಬಂದರೆ ತಂಗುದಾಣ ಹತ್ತಿರದಲ್ಲೇ ಇದೆ ಎನ್ನಬಹುದು. ಹತ್ತಿರ ಅಂದರೆ ಪಕ್ಕದ ಮನೆಯೂ ಆಗಬಹುದು! 9:50ಕ್ಕೆ ಬಂದರೆ ಎಲ್ಲಿಂದಲೋ ಹಾರಿ ಬಂದು ಹುಳ ಹಿಡಿಯುತ್ತಿರಬಹುದು.

ಈ ಲೆಕ್ಕ ಎಲ್ಲದಕ್ಕೂ ಹೊಂದುವುದಿಲ್ಲ. ಬ್ರೌನ್ ಲಾಂಗ್-ಇಯರ್ಡ್ ಎಂಬ ಉದ್ದ ಕಿವಿಯ ಬಾವಲಿ ಹೊರಡುವುದೇ ಸೂರ್ಯಾಸ್ತವಾಗಿ ಸುಮಾರು ಒಂದು ಗಂಟೆಗೆ. ಅದರ ಕೂಗೋ ಪಿಸುಮಾತಿನಷ್ಟು ಮೆಲ್ಲಗೆ, ಕೆಲವೇ ಮೀಟರ್ ದೂರದಲ್ಲಿದ್ದರೂ ಡಿಟೆಕ್ಟರ್‌ಗೆ ಸಿಗದೆ ಹೋಗಬಹುದು. ಅಷ್ಟು ಹೊತ್ತಿಗೆ ಕತ್ತಲು, ಕಣ್ಣಿಗೂ ಕಾಣುವುದಿಲ್ಲ. ಅಂದರೆ ಸದ್ದು ಬಂದರೂ ತಂಗುದಾಣ ಇಲ್ಲದಿರಬಹುದು, ಸದ್ದೇ ಬರದಿದ್ದರೂ ಇರಬಹುದು. ಬ್ಯಾಟ್ ಕನ್ಸರ್ವೇಷನ್ ಟ್ರಸ್ಟ್ ಎಂಬ ಅಲ್ಲಿನ ಬಾವಲಿ ಸಂರಕ್ಷಣಾ ಸಂಸ್ಥೆಯ 2023ರ ಮಾರ್ಗಸೂಚಿ ಇನ್‌ಫ್ರಾರೆಡ್ ಅಥವಾ ಥರ್ಮಲ್ ಕ್ಯಾಮೆರಾ ಬೇಕೆಂದು ಒತ್ತಿ ಹೇಳುವುದು ಇದಕ್ಕೇ. ಸಂದಿಯಿಂದ ಹೊರಬಿದ್ದದ್ದು ವಿಡಿಯೋದಲ್ಲಿ ಕಂಡರೆ ವಾದಕ್ಕೆ ಜಾಗವಿಲ್ಲ.

ನನ್ನ ಸುಲಭ ಉಪಾಯ: ನೋಟ್‌ಬುಕ್ಕಿನಲ್ಲಿ ‘ಕೇಳಿದ್ದು’, ‘ಹಾರಿದ್ದು ಕಂಡಿದ್ದು’, ‘ಹೊರಬಂದದ್ದು ಕಂಡಿದ್ದು’ ಎಂದು ಮೂರು ಕಾಲಂ. ಮೂರನೆಯದು ತುಂಬಿದರೆ ಮಾತ್ರ ಸಂಜೆಯ ಸಮೀಕ್ಷೆಯಲ್ಲಿ ತಂಗುದಾಣ ಸಿಕ್ಕಿತು ಎನ್ನುವುದು.

ಎಷ್ಟು ಸಂಜೆ ನಿಲ್ಲಬೇಕು ಎನ್ನುವುದು ಹಗಲಿನ ತಪಾಸಣೆಯ ಮೇಲೆ ನಿಂತಿದೆ. ಸಾಧ್ಯತೆ ಕಡಿಮೆ ಇದ್ದರೆ ಒಂದು, ಮಧ್ಯಮವಾದರೆ ಎರಡು, ಜಾಸ್ತಿ ಇದ್ದರೆ ಮೂರು.

ಮರಗಳು

ಮರಕುಟಿಗ ಕೊರೆದ ಪೊಟರೆ, ಕೊಂಬೆ ಮುರಿದ ಗಾಯ, ಎದ್ದ ತೊಗಟೆ ನೋಡಿ. ಒಂದೆರಡು ಬಾವಲಿಗೆ ಸಾಕಾಗುವ ಸಂದಿಯೇ, ಗುಂಪಿಗೇ ಸಾಲುವ ಪೊಟರೆಯೇ ಎಂದು ಬೇರೆ ಮಾಡಿ ಬರೆಯಬೇಕು. ಮರದಲ್ಲಿ ತಂಗುವವು ಪದೇ ಪದೇ ಜಾಗ ಬದಲಿಸುತ್ತವೆ, ಹಾಗಾಗಿ ಕೆಳಗೆ ನಿಂತು ಒಂದು ಸಂಜೆ ಕಾದರೆ ಸಾಲದು. ಹಗ್ಗ ಕಟ್ಟಿ ಹತ್ತಿ ಎಂಡೋಸ್ಕೋಪ್ (ತೆಳು ಕೊಳವೆಯ ತುದಿಯ ಕ್ಯಾಮೆರಾ) ತೂರಿಸುವುದು ಉತ್ತಮ. ಅದಕ್ಕೆ ಬಾವಲಿ ಲೈಸೆನ್ಸ್ ಇರುವವರೇ ಬೇಕು.

ಇನ್ನು ಕ್ಯಾಲೆಂಡರ್. ಸಂಜೆಯ ಸಮೀಕ್ಷೆ ಮೇಯಿಂದ ಸೆಪ್ಟೆಂಬರ್ ಒಳಗೆ ಮುಗಿಯಬೇಕು. ಅಕ್ಟೋಬರ್ ಕೊನೆಗೆ ಕೇಳಿಕೊಂಡು ಬಂದ ಬಿಲ್ಡರ್‌ಗೆ ಮುಂದಿನ ಮೇವರೆಗೆ ಕಾಯಿರಿ ಎನ್ನದೆ ಬೇರೆ ದಾರಿಯಿಲ್ಲ.