ಬದಲಾಗುವ ವಿಳಾಸಕ್ಕೊಂದು ಸಹಿ

ಮನೆಯ ಇಂಟರ್ನೆಟ್‌ಗೆ ಸಿಗುವ ಐಪಿ ವಿಳಾಸ ಸಾಮಾನ್ಯವಾಗಿ ಕಾಯಂ ಅಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಬೇರೊಂದು ಬರಬಹುದು. ಹೊರಗಿನಿಂದ ಆ ಮನೆಯ ಕಂಪ್ಯೂಟರನ್ನು ಹುಡುಕುವವರಿಗೆ ಹೆಸರೊಂದೇ ಗತಿ. ಹೆಸರಿನ ಮುಂದಿನ ಅಂಕಿಯನ್ನು, ಯಾವ ಹೆಸರಿಗೆ ಯಾವ ವಿಳಾಸವೆಂದು ಹೇಳುವ ಡಿಎನ್‌ಎಸ್‌ನಲ್ಲಿ ತಿದ್ದುತ್ತಲೇ ಇರಬೇಕು. ಸರ್ವರ್‌ಗೆ ಸಂದೇಶ ಕಳಿಸಿಯೇ ದಾಖಲೆ ತಿದ್ದುವ ವಿಧಾನ 1997ರ ಆರ್‌ಎಫ್‌ಸಿ 2136 ಎಂಬ ಇಂಟರ್ನೆಟ್ ನಿಯಮಪತ್ರದಲ್ಲಿ ಬಂತು.

ಸರಿ, ಆದರೆ ತಿದ್ದುವವರು ಯಾರು? ಕಳಿಸಿದವರ ಐಪಿ ನೋಡಿ ನಂಬೋಣವೆಂದರೆ, ಡಿಎನ್‌ಎಸ್ ಸಂದೇಶಗಳನ್ನು ಹೊರುವ ಯುಡಿಪಿ ಪ್ಯಾಕೆಟ್ಟಿನ ಮೇಲೆ ಸುಳ್ಳು ವಿಳಾಸ ಹಾಕುವುದು ಕಷ್ಟವಲ್ಲ. ಅದಕ್ಕಿಂತ ತಮಾಷೆಯೆಂದರೆ, ನಮ್ಮ ವಿಳಾಸ ಬದಲಾಯಿತೆಂದು ತಿಳಿಸುವ ಪತ್ರವನ್ನೇ ವಿಳಾಸ ನೋಡಿ ಗುರುತಿಸಬೇಕು!

2000ದಲ್ಲಿ ಬಂದ, ಸಂದೇಶಕ್ಕೆ ಸಹಿ ಹಾಕುವ ಟಿಎಸ್‌ಐಜಿ ವಿಧಾನ ಇದಕ್ಕೆ ಉತ್ತರ. ನಮಗೂ ಸರ್ವರ್‌ಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿ ಇರುತ್ತದೆ. ಸಂದೇಶ, ಸಮಯ, ಕೀಲಿ ಇವನ್ನು ಎಚ್‌ಮ್ಯಾಕ್ ಎಂಬ ಗಣಿತದ ಲೆಕ್ಕಕ್ಕೆ ಕೊಟ್ಟು ಬಂದ ಸಹಿಯನ್ನು ಕೊನೆಗೆ ಅಂಟಿಸುತ್ತೇವೆ. ಸರ್ವರ್ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿ ಎಂದೂ ದಾರಿಗಿಳಿಯುವುದಿಲ್ಲ. ಸಂದೇಶವನ್ನು ಯಾರಾದರೂ ಓದಬಹುದು, ಓದಲಿ ಬಿಡಿ, ಡಿಎನ್‌ಎಸ್ ದಾಖಲೆ ಹೇಗೂ ಜಗಜ್ಜಾಹೀರು. ತಿದ್ದಲು ಮಾತ್ರ ಆಗದು.

ಸಹಿ ಒಂದೊಂದು ಬೈಟಿನ ಮೇಲೂ ನಿಂತಿರುವುದರಿಂದ ಇದನ್ನು ಸ್ವಂತ ಬರೆಯಹೊರಡುವುದು ಹುಂಬತನ. ಪೈಥಾನ್‌ನ ಡಿಎನ್‌ಎಸ್‌ಪೈಥಾನ್ ಲೈಬ್ರರಿಗೆ ಕೀಲಿ, ವಲಯ (ಒಂದೇ ಕಡೆ ನಿಭಾಯಿಸುವ ಹೆಸರುಗಳ ಗುಂಪು), ಹೆಸರು, ಹೊಸ ವಿಳಾಸ ಕೊಟ್ಟರೆ ಏಳೆಂಟು ಸಾಲಲ್ಲಿ ಕೆಲಸ ಮುಗಿಯುತ್ತದೆ. 'ರಿಪ್ಲೇಸ್' ಎಂದರೆ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸುವ ಎರಡೂ ಆಜ್ಞೆ ಒಂದೇ ಸಂದೇಶದಲ್ಲಿ ಹೋಗುತ್ತವೆ. ನಡೆದರೆ ಎರಡೂ ನಡೆಯುತ್ತವೆ, ಇಲ್ಲವಾದರೆ ಯಾವುದೂ ಇಲ್ಲ. ಸಹಿಯ ವಿಧಾನವನ್ನು ಎಸ್‌ಎಚ್‌ಎ-256 ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹಳೆಯ, ದುರ್ಬಲ ವಿಧಾನವಾದ ಎಂಡಿ5ರ ಕಾಲ ಮುಗಿಯಿತು.

ನನ್ನನ್ನು ಅರ್ಧ ದಿನ ಕಾಡಿದ್ದು ಗಡಿಯಾರ. ಕರೆಂಟು ಹೋಗಿ ಬಂದಮೇಲೆ, ಗಡಿಯಾರದ ಬ್ಯಾಟರಿಯೇ ಇಲ್ಲದ ನನ್ನ ಪುಟ್ಟ ಕಂಪ್ಯೂಟರ್ ಹಳೆಯ ಹೊತ್ತಿನಲ್ಲೇ ಎದ್ದಿತ್ತು. ಕೀಲಿ ಸರಿ, ಸಹಿ ಸರಿ, ಉತ್ತರ ಮಾತ್ರ 'ಬ್ಯಾಡ್‌ಟೈಮ್', ಅಂದರೆ ಹೊತ್ತು ತಪ್ಪು. ಕದ್ದಿಟ್ಟುಕೊಂಡ ಹಳೆಯ ಸಂದೇಶವನ್ನು ಮತ್ತೆ ಕಳಿಸುವ ಕಿಡಿಗೇಡಿಗಳನ್ನು ತಡೆಯಲು, ಸಾಮಾನ್ಯವಾಗಿ 300 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವನ್ನು ಸರ್ವರ್ ಒಪ್ಪುವುದಿಲ್ಲ.

ಇನ್ನು ಕೀಲಿ. ಅದನ್ನು ಕೋಡಿನೊಳಗೆ ಬರೆದರೆ ಕೋಡ್ ಹೋದಲ್ಲೆಲ್ಲ ಅದೂ ಹೋಗುತ್ತದೆ, ಬೇರೆ ಫೈಲಿನಲ್ಲಿಡಬೇಕು. ಬೈಂಡ್ ಎಂಬ ಡಿಎನ್‌ಎಸ್ ಸರ್ವರ್‌ನ 'ಅಪ್‌ಡೇಟ್-ಪಾಲಿಸಿ' ನಿಯಮದಲ್ಲಿ ಈ ಕೀಲಿ ಒಂದು ಹೆಸರಿನ ವಿಳಾಸವನ್ನಷ್ಟೇ ತಿದ್ದಲಿ ಎಂದು ಬರೆದಿಟ್ಟರೆ, ಕದ್ದವನ ಕೈಗೆ ಸಿಗುವುದು ಆ ಒಂದು ಹೆಸರು, ಇಡೀ ವಲಯವಲ್ಲ.